ಬಿಸಿ ಹಿಡಿದಿಡುವ ವಸ್ತುಗಳು

ನಮ್ಮ ಮನೆಗೆ ಬೇರೆ ಮುಂಬಾಗಿಲು ಇರಲಿಲ್ಲ. ಹೋಟೆಲಿನ ಬಾಗಿಲೇ ಮನೆಯ ಬಾಗಿಲು. ಅತ್ತಿಗುಂಡಿಯಲ್ಲಿ ಬಸ್ಸು ತಿರುಗಿಸುವ ಜಾಗಕ್ಕೆ ಎದುರಾಗಿ ಅಪ್ಪನ ಹೋಟೆಲಿತ್ತು. ಗಲ್ಲಾಪೆಟ್ಟಿಗೆಯ ಪಕ್ಕದ ಪರದೆ ಸರಿಸಿದರೆ ಅಡುಗೆಮನೆ, ಅಡುಗೆಮನೆ ದಾಟಿದರೆ ನಾವು ಮಲಗುವ ಎರಡು ಕೋಣೆ, ಅದರಾಚೆ ಸೌದೆ ಕೊಟ್ಟಿಗೆ, ಕೊಟ್ಟಿಗೆಯಾಚೆ ಬರೀ ಇಳಿಜಾರು ಮತ್ತು ಗಾಳಿ. ಗುಡ್ಡ ನೋಡಲು ಬಂದವರು ಮಂಜಿನಲ್ಲಿ ನಡುಗುತ್ತಾ ಒಳಗೆ ನುಗ್ಗಿ, ಟೀ ಬರುವ ಮೊದಲೇ ಪರದೆ ಎತ್ತಿ ಒಲೆಯ ಹತ್ತಿರ ಕೈ ಚಾಚಿ ನಿಲ್ಲುತ್ತಿದ್ದರು. ಅಮ್ಮ ಅವರನ್ನು ಬೈಯುತ್ತಿರಲಿಲ್ಲ. ಸ್ವಲ್ಪ ಪಕ್ಕಕ್ಕೆ ಸರಿದು ದೋಸೆ ಹುಯ್ಯುತ್ತಿದ್ದಳು. ನಾನು ಓದಿದ್ದು, ಬರೆದದ್ದು, ಜ್ವರ ಬಂದಾಗ ಮಲಗಿದ್ದು ಎಲ್ಲವೂ ಪರಸ್ಥಳದವರ ಕಣ್ಣ ಮುಂದೆಯೇ. ಬೆಳಿಗ್ಗೆ ಮಾರಾಟ ಮುಗಿದ ಮೇಲೆ ಉಳಿದ ಅಂಚು ಸೀದ ದೋಸೆಯೇ ನಮ್ಮ ತಿಂಡಿ. ರಾತ್ರಿ ಮಾತ್ರ ಅಮ್ಮ ನಮಗೆಂದೇ ಕಡುಬು ಬೇಯಿಸುತ್ತಿದ್ದಳು. ಬಾಗಿಲು ಹಾಕಿ ನಾವು ನಾವೇ ಕೂತು ಉಣ್ಣುವ ಆ ಒಂದು ಹೊತ್ತಿಗೆ ಮನೆ ಎನ್ನುವುದು ಮನೆಯಾಗುತ್ತಿತ್ತು.

ಚಳಿ ನಮ್ಮ ಮನೆಯ ಒಬ್ಬ ಸದಸ್ಯನ ಹಾಗೆ ಇತ್ತು. ಅದಕ್ಕೆ ಜಾಗ ಬಿಟ್ಟುಕೊಟ್ಟೇ ಉಳಿದವರು ಕೂರಬೇಕಿತ್ತು, ಮಲಗಬೇಕಿತ್ತು. ಅಡುಗೆಮನೆಯ ಮೂಲೆಯಲ್ಲಿ ನೀರಿನ ದೊಡ್ಡ ಹಂಡೆ ಬೆಳಗಿನಿಂದ ಸಂಜೆಯವರೆಗೆ ಕುದಿಯುತ್ತಿತ್ತು. ಅದರ ಹಿಂದಿನ ಗೋಡೆ ಒಳಕೋಣೆಗೂ ಸೇರಿದ್ದರಿಂದ ಆ ಗೋಡೆಯ ಪಕ್ಕದ ಜಾಗ ಅಜ್ಜಿಯದಾಗಿತ್ತು. ಅಜ್ಜಿ ಎಂದರೆ ಅಪ್ಪನ ತಾಯಿ. ಮನೆಯಲ್ಲಿ ಯಾರ ಮೈ ಬಿಸಿ, ಯಾರ ಮೈ ತಣ್ಣಗೆ, ಯಾವ ಪದಾರ್ಥ ಉಷ್ಣ, ಯಾವುದು ಶೀತ ಎಂದು ತೀರ್ಮಾನಿಸುತ್ತಿದ್ದವಳು ಅವಳೇ. ಹಲಸು ಉಷ್ಣ, ಸೌತೆ ಶೀತ, ಬೆಲ್ಲ ಉಷ್ಣ, ಮಜ್ಜಿಗೆ ಶೀತ. ಅವಳ ಲೆಕ್ಕದಲ್ಲಿ ನಾನು ಉಷ್ಣದ ಹುಡುಗಿ, ಆದ್ದರಿಂದಲೇ ಜಗಳಗಂಟಿ.

ಅಳೆಯುವ ಹುಚ್ಚು ನನಗೆ ಹತ್ತಿದ್ದು ಅಪ್ಪನಿಂದ. ದಿನಾ ಬರುವ ಹಾಲಿಗೆ ನೀರು ಸೇರಿದೆಯೋ ಎಂದು ನೋಡಲು ಅಪ್ಪ ಒಂದು ಲ್ಯಾಕ್ಟೋಮೀಟರ್ ಇಟ್ಟುಕೊಂಡಿದ್ದ. ಆ ಗಾಜಿನ ಬುರುಡೆ ಹಾಲಿನಲ್ಲಿ ತೇಲುತ್ತಾ, ಕುಣಿದು, ಕೊನೆಗೆ ಒಂದು ಗೆರೆಯಲ್ಲಿ ನಿಲ್ಲುವುದನ್ನು ನಾನು ಉಸಿರು ಹಿಡಿದು ನೋಡುತ್ತಿದ್ದೆ. ಹಾಲು ತರುವವನ ಬಾಯಿಮಾತು ಬೇರೆ, ಗೆರೆ ಹೇಳುವ ಮಾತು ಬೇರೆ. ಬಾಯಿ ಇಲ್ಲದ ವಸ್ತುವಿನಿಂದ ಒಂದು ಮಾತು ಹೊರಡಿಸಬಹುದು ಎನ್ನುವುದು ನನಗೆ ಆಗ ದೊಡ್ಡ ಸೋಜಿಗವಾಗಿತ್ತು. ಮುಂದೆ ಕಾಲೇಜಿನ ಪ್ರಯೋಗಶಾಲೆಯಲ್ಲಿ ಮಕ್ಕಳಿಗೆ ಪ್ರಾಕ್ಟಿಕಲ್ಸ್ ಮಾಡಿಸುತ್ತಾ ಬದುಕಿದೆ. ಆ ಸೋಜಿಗ ಮಾತ್ರ ಹೋಗಲಿಲ್ಲ.

ಹತ್ತನೇ ತರಗತಿಗೆ ನಾನು ಬಸ್ಸಿನಲ್ಲಿ ಚಿಕ್ಕಮಗಳೂರಿನ ಹೈಸ್ಕೂಲಿಗೆ ಇಳಿದು ಹೋಗುತ್ತಿದ್ದೆ. ವಿಜ್ಞಾನಕ್ಕೆ ನಿರ್ಮಲಾ ಮೇಡಂ ಇದ್ದರು. ಬಯಲುಸೀಮೆಯವರು. ತರಗತಿಯಲ್ಲೂ ಸ್ವೆಟರ್ ಬಿಚ್ಚುತ್ತಿರಲಿಲ್ಲ. ಆ ವರ್ಷದ ವಿಜ್ಞಾನ ಪ್ರದರ್ಶನಕ್ಕೆ ಏನು ಮಾಡುತ್ತೀಯ ಎಂದು ಅವರು ಕೇಳಿದಾಗ ನನಗೆ ಏನೂ ತೋಚದೆ, "ನಮ್ಮನೇಲಿ ಚಳಿ ಬಿಟ್ಟು ಬೇರೆ ಏನೂ ಇಲ್ಲ ಮೇಡಂ" ಎಂದಿದ್ದೆ. ತರಗತಿ ನಕ್ಕಿತು. ಮೇಡಂ ನಗಲಿಲ್ಲ.

"ಹಾಗಾದ್ರೆ ಅದನ್ನೇ ಅಳೆ," ಎಂದರು. "ಯಾವ ವಸ್ತು ಬಿಸಿ ಬೇಗ ಬಿಡುತ್ತೆ, ಯಾವುದು ನಿಧಾನ ಬಿಡುತ್ತೆ ನೋಡು. ಥರ್ಮಾಮೀಟರ್ ನಾನು ಕೊಡ್ತೀನಿ. ಒಡೆದು ಹಾಕ್ಬೇಡ."

ಕೆಂಪು ದ್ರವದ ಆ ಉದ್ದನೆಯ ಗಾಜಿನ ಕಡ್ಡಿಯನ್ನು ಟವೆಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಮನೆಗೆ ತಂದೆ. ಮೊದಲ ದಿನವೇ ಗಾಬರಿಯಾಯಿತು. ಹಂಡೆಯ ನೀರು ಕೊತಕೊತ ಕುದಿಯುತ್ತಿದ್ದರೂ ಕೆಂಪು ಗೆರೆ ನೂರಕ್ಕೆ ಏರದೆ ತೊಂಬತ್ತೈದರ ಆಸುಪಾಸಿನಲ್ಲೇ ನಿಂತುಬಿಟ್ಟಿತ್ತು. ಕಡ್ಡಿ ಕೆಟ್ಟಿದೆ, ನನ್ನ ಮೇಲೆ ಬರುತ್ತದೆ ಎಂದು ಹೆದರಿ ಮರುದಿನ ಮೇಡಂಗೆ ಹೇಳಿದೆ. ಎತ್ತರದ ಜಾಗದಲ್ಲಿ ಗಾಳಿಯ ಒತ್ತಡ ಕಡಿಮೆ, ಅಲ್ಲಿ ನೀರು ನೂರಕ್ಕಿಂತ ಮೊದಲೇ ಕುದಿಯುತ್ತದೆ ಎಂದು ಅವರು ಬೋರ್ಡಿನ ಮೇಲೆ ಗುಡ್ಡ ಬರೆದು ತೋರಿಸಿದರು. ನಮ್ಮ ಮನೆಯಲ್ಲಿ ಅವರೆಕಾಳು ಎಷ್ಟು ಬೇಯಿಸಿದರೂ ಬೇಯದಿರುವುದಕ್ಕೆ ಅಜ್ಜಿ ಇಷ್ಟು ವರ್ಷ ಅಮ್ಮನನ್ನು ಬೈದದ್ದು ಅನ್ಯಾಯ ಎಂದು ನನಗೆ ಗೊತ್ತಾದದ್ದು ಅಂದು. ಹೇಳಿದೆ. ಅಜ್ಜಿ ಕೇಳಿಸಿಕೊಳ್ಳದವಳ ಹಾಗೆ ಎಲೆಗೆ ಸುಣ್ಣ ಹಚ್ಚಿದಳು.

ಇದೇ ಹೊತ್ತಿಗೆ ಗೀತಕ್ಕ ಹೆರಿಗೆಗೆ ಬಂದಿದ್ದಳು. ನನಗಿಂತ ದೊಡ್ಡವಳು, ಮಾತು ಕಡಿಮೆ. ಆಲ್ದೂರಿಗೆ ಕೊಟ್ಟಿದ್ದರು. ಭಾವ ಅಲ್ಲಿ ಕಾಫಿ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ಕೆಲಸಕ್ಕಿದ್ದರು. ದಿನ ತುಂಬುವ ಮೊದಲೇ ನೋವು ಬಂದು, ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿ ಹೆಣ್ಣುಮಗು ಹುಟ್ಟಿತು. ನಾನು ಮೊದಲು ನೋಡಿದಾಗ ಅದು ಗಾಜಿನ ಪೆಟ್ಟಿಗೆಯೊಳಗೆ ಇತ್ತು. ಮುಷ್ಟಿಯಷ್ಟು ಮುಖ, ಇನ್ನೂ ಮೈಗೆ ಅಳತೆಯಾಗದ ಸಡಿಲ ಚರ್ಮ. ಕೆಲವು ವಾರ ಅಲ್ಲಿಟ್ಟುಕೊಂಡು, ಹಾಲು ಚೀಪಲು ಕಲಿತ ಮೇಲೆ ಮನೆಗೆ ಕಳಿಸಿದರು. ಹೊರಡುವಾಗ ಡಾಕ್ಟರು ಅಪ್ಪನನ್ನು ಕರೆದು, ಮಗುವಿನ ಮೈ ತಣ್ಣಗಾಗಬಾರದು, ಕೋಣೆಯಲ್ಲಿ ಹೊಗೆ ಆಗಬಾರದು, ಹಾಲು ಬಿಟ್ಟರೆ, ಪಾದ ತಣ್ಣಗಾದರೆ ಒಂದು ಗಳಿಗೆಯೂ ಕಾಯದೆ ಕರೆತರಬೇಕು ಎಂದರು. ಆಲ್ದೂರಿನಲ್ಲಿ ನಮ್ಮಷ್ಟು ಚಳಿಯಿಲ್ಲ, ಅಲ್ಲಿಗೇ ಕರೆದೊಯ್ಯುತ್ತೇನೆ ಎಂದು ಭಾವ ಮೆಲ್ಲಗೆ ಹೇಳಿದರು. ಅಜ್ಜಿ ಒಪ್ಪಲಿಲ್ಲ. ಮೊದಲ ಬಾಣಂತನ ತವರಿನಲ್ಲೇ ಆಗಬೇಕು. ಅವಳ ಕೈಯಲ್ಲಿ ಎಷ್ಟು ಮಕ್ಕಳು ಬದುಕಿ ದೊಡ್ಡವರಾಗಿಲ್ಲ? ಭಾವ ಒಂದು ಕರೆಂಟಿನ ಹೀಟರ್ ತಂದಿಟ್ಟು ಹೋದರು. ಮರುದಿನವೇ ಶ್ರಾವಣದ ಗಾಳಿಗೆ ಎಲ್ಲೋ ಕಂಬ ಬಿತ್ತು, ಕರೆಂಟು ಹೋಯಿತು. ಹೀಟರಿನ ಮೇಲೆ ಅಮ್ಮ ಮಗುವಿನ ಬಟ್ಟೆ ಮಡಚಿಡತೊಡಗಿದಳು.

ಗಾಳಿ ಹಂಚಿನ ಸಂದಿಯಿಂದ ಬರುತ್ತಿತ್ತು, ಕಿಟಕಿಯ ಸಂದಿಯಿಂದ ಬರುತ್ತಿತ್ತು, ನೆಲದಿಂದಲೇ ಏಳುತ್ತಿದೆಯೇನೋ ಅನ್ನಿಸುತ್ತಿತ್ತು. ಅಜ್ಜಿ ಬೆಚ್ಚನೆಯ ಗೋಡೆಯ ಪಕ್ಕದ ತನ್ನ ಜಾಗವನ್ನು ಬಾಣಂತಿಗೆ ಬಿಟ್ಟುಕೊಟ್ಟು, ಕೋಣೆಯ ಮಧ್ಯೆ ಅಗ್ಗಿಷ್ಟಿಕೆ ಇಟ್ಟಳು. ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿದಳು. ಬಾಗಿಲು ಹಾಕಿದಳು. ಸ್ವಲ್ಪ ಹೊತ್ತಿಗೆ ಒಳಗಿದ್ದವರ ಮುಖವೇ ಕಾಣದಷ್ಟು ಹೊಗೆ.

"ಅತ್ತೆ, ಹೊಗೆ ಮಾಡ್ಬೇಡಿ ಅಂತ ಡಾಕ್ಟ್ರು ಹೇಳಿದಾರೆ," ಎಂದಳು ಅಮ್ಮ.

"ಡಾಕ್ಟ್ರು ಇಲ್ಲಿ ಬಂದು ಒಂದಿನ ಮಲಗ್ಲಿ, ಆಮೇಲೆ ಹೇಳ್ಲಿ. ಈ ಗಾಳೀಲಿ ಕೆಂಡ ಇಲ್ದೆ ಕೂಸು ಉಳಿಯುತ್ತಾ?"

"ಮಗು ಕೆಮ್ತಾ ಇದೆ ಅತ್ತೆ."

"ಕೆಮ್ತಿದೆ ಅಂದ್ರೆ ಜೀವ ಇದೆ ಅಂತ."

ಅಮ್ಮ ಅಜ್ಜಿಗೆ ಎದುರಾಡಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಅಂದೂ ಅವಳು ಎದುರಾಡಲಿಲ್ಲ. ಬಗ್ಗಿ, ಸೆರಗಿನಲ್ಲಿ ಹಿಡಿದು ಅಗ್ಗಿಷ್ಟಿಕೆ ಎತ್ತಿ, ಹೋಟೆಲಿನ ಗಿರಾಕಿಗಳ ಮಧ್ಯೆಯೇ ಹಾದುಹೋಗಿ ರಸ್ತೆಗೆ ಸುರಿದು ಬಂದಳು. ಕೈ ಸುಟ್ಟುಕೊಂಡಿದ್ದಳು. ಅಜ್ಜಿ ಅಂದು ಮಧ್ಯಾಹ್ನ ಊಟ ಮಾಡಲಿಲ್ಲ. ಅಪ್ಪ ಒಮ್ಮೆ ಒಳಗೆ ಬಂದು ಇಬ್ಬರ ಮುಖ ನೋಡಿ, ಗಲ್ಲಾಪೆಟ್ಟಿಗೆಯ ಮುಂದೆ ಹೋಗಿ ಕೂತ. ಗೋಡೆ ಕಡೆ ಮುಖ ಮಾಡಿ ಮಲಗಿದ್ದ ಅಕ್ಕ ಅಳುತ್ತಿದ್ದಳು. ಆ ಮನೆಯಲ್ಲಿ ಎಲ್ಲರಿಗೂ ಬೇಕಾಗಿದ್ದದ್ದು ಒಂದೇ. ಆದರೆ ಒಬ್ಬರ ಮುಖ ಒಬ್ಬರು ನೋಡದ ಹಾಗಾಗಿತ್ತು.

ನನ್ನ ಪ್ರಯೋಗ ಅದರ ಪಾಡಿಗೆ ನಡೆಯುತ್ತಿತ್ತು. ಅಡುಗೆಮನೆಯಲ್ಲಿ ಹಾಲಿನಪುಡಿಯ ಖಾಲಿ ಡಬ್ಬಗಳಿಗೆ ಕೊರತೆಯಿರಲಿಲ್ಲ. ಒಂದೇ ಅಳತೆಯ ಡಬ್ಬಗಳಲ್ಲಿ ಒಂದೇ ತೂಕಕ್ಕೆ ಮರಳು, ಕಲ್ಲುಪ್ಪು, ರಸ್ತೆಗೆ ಹಾಕುವ ಜಲ್ಲಿ, ಕಬ್ಬಿಣದ ಮೊಳೆ ಮತ್ತು ನೀರು ತುಂಬಿದೆ. ಎಲ್ಲವನ್ನೂ ಕುದಿಯುವ ಹಂಡೆಯಲ್ಲಿ ಕುತ್ತಿಗೆವರೆಗೆ ಮುಳುಗಿಸಿಟ್ಟು, ಒಂದೇ ಬಿಸಿಗೆ ಬಂದ ಮೇಲೆ ತೆಗೆದು ಜಗಲಿಯ ಹಲಗೆಯ ಮೇಲೆ ಸಾಲಾಗಿಟ್ಟೆ. ಇದ್ದದ್ದು ಒಂದೇ ಥರ್ಮಾಮೀಟರ್. ಒಂದು ಡಬ್ಬದಿಂದ ತೆಗೆದು, ಒರೆಸಿ, ಇನ್ನೊಂದಕ್ಕೆ ಚುಚ್ಚುತ್ತಾ ಓಡಾಡಬೇಕು. ಗೆಲ್ಲುವುದು ಕಬ್ಬಿಣ ಎಂದು ನನಗೆ ಖಾತ್ರಿಯಿತ್ತು. ಒಲೆ ಆರಿದ ಮೇಲೂ ದೋಸೆ ಕಾವಲಿ ಕೈ ಸುಡುವುದನ್ನು ಕಂಡವಳು ನಾನು. ಪ್ರದರ್ಶನದ ಹಾಳೆಯ ಮೇಲೆ ಕಬ್ಬಿಣವೆಂದು ಮೊದಲೇ ದೊಡ್ಡಕ್ಷರದಲ್ಲಿ ಬರೆಯಲು ಬಣ್ಣವನ್ನೂ ಆರಿಸಿಟ್ಟಿದ್ದೆ. ಆದರೆ ಎಲ್ಲಕ್ಕಿಂತ ಮೊದಲು ತಣಿದು ಕೂತದ್ದು ಕಬ್ಬಿಣವೇ. ಅದರ ಹಿಂದೆ ಜಲ್ಲಿ, ಮರಳು, ಉಪ್ಪು ಒಂದರ ಬೆನ್ನಿಗೆ ಒಂದು ಇಳಿದವು. ನೀರಿನ ಡಬ್ಬ ಮಾತ್ರ ಇಳಿಯಲೊಲ್ಲೆ ಎಂದು ಹಟ ಹಿಡಿದಂತಿತ್ತು. ಮತ್ತೆ ಮಾಡಿದೆ. ಡಬ್ಬಗಳ ಜಾಗ ಅದಲುಬದಲು ಮಾಡಿ ಮತ್ತೂ ಒಮ್ಮೆ ಮಾಡಿದೆ. ಒಂದೊಂದು ವಸ್ತು ಎಷ್ಟೆಷ್ಟು ಬಿಸಿ ಹಿಡಿಯುತ್ತದೆ ಎಂಬುದಕ್ಕೆ ಪುಸ್ತಕದಲ್ಲಿ 'ವಿಶಿಷ್ಟೋಷ್ಣ' ಎಂಬ ಪಾಠ ಇತ್ತು, ಬಾಯಿಪಾಠ ಮಾಡಿಯೂ ಇದ್ದೆ. ಆ ಶಬ್ದಕ್ಕೂ ನನ್ನ ಕಣ್ಣೆದುರಿನ ಡಬ್ಬಕ್ಕೂ ಸಂಬಂಧ ಇದೆಯೆಂದು ಹೊಳೆದದ್ದು ಆಗ.

ಅಷ್ಟರಲ್ಲಿ ಅಜ್ಜಿ ಕೆಂಡದ ಬದಲು ಮರಳಿನ ಗಂಟಿಗೆ ಇಳಿದಿದ್ದಳು. ಹೊಳೆಮರಳನ್ನು ಬಾಣಲೆಯಲ್ಲಿ ಹುರಿದು, ಬಟ್ಟೆಯಲ್ಲಿ ಕಟ್ಟಿ ಮಗುವಿನ ಎರಡೂ ಕಡೆ ಇಡುತ್ತಿದ್ದಳು. ಗಂಟು ಮೊದಲು ಕೈ ಸುಡುವಷ್ಟು ಬಿಸಿ, ನೋಡನೋಡುತ್ತಲೇ ತಣ್ಣಗೆ. ಹುರಿದು ಹುರಿದು ಅವಳ ಬೆನ್ನು ಬಿದ್ದುಹೋಗಿತ್ತು. ನಾನು ಹೋಗಿ, "ಅಜ್ಜಿ, ಮರಳಿಗಿಂತ ನೀರು ಒಳ್ಳೇದು" ಎಂದೆ.

"ನೀರಾ? ನೀರು ಶೀತ ಪದಾರ್ಥ ಕಣೆ. ಜ್ವರ ಬಂದ್ರೆ ಹಣೆಗೆ ಎಂತ ಹಾಕ್ತಾರೆ? ಕೆಂಡ ಆರಿಸೋಕೆ ಎಂತ ಬೇಕು? ಅಂಥ ನೀರು ಬಿಸಿ ಹಿಡ್ಕೊಳ್ಳುತ್ತೆ ಅಂದ್ರೆ ಯಾರು ನಂಬ್ತಾರೆ?"

"ನಾನೂ ನಂಬಿರ್ಲಿಲ್ಲ ಅಜ್ಜಿ. ಮೂರು ಸಲ ನೋಡಿದೆ."

"ನಿನ್ನ ಮರಳು ರಸ್ತೆ ಬದೀದು. ಒದ್ದೆ ಇತ್ತೇನೋ."

"ಹಂಗಾದ್ರೆ ನಿಮ್ಮ ಮರಳಲ್ಲೇ ನೋಡಣ."

ಅವಳು ಬಾಣಲೆ ಕೆಳಗಿಟ್ಟು ನನ್ನನ್ನೇ ದಿಟ್ಟಿಸಿದಳು. ಬೈಯುತ್ತಾಳೆ ಎಂದುಕೊಂಡೆ. "ನನ್ನ ಮುಂದೆ ಮಾಡು," ಎಂದಳು. "ಮರಳು ನಾನೇ ತುಂಬ್ತೀನಿ. ನೀನು ಮುಟ್ಬೇಡ."

ಹೀಗೆ ನನ್ನ ಪ್ರಯೋಗಕ್ಕೆ ಒಬ್ಬ ಪರೀಕ್ಷಕಿ ಬಂದಳು. ಮರಳನ್ನು ಜರಡಿ ಹಿಡಿದಳು, ಮತ್ತೊಮ್ಮೆ ಹುರಿದು ಒಣಗಿಸಿದಳು, ಹೋಟೆಲಿನ ತಕ್ಕಡಿಯಲ್ಲಿ ನೀರಿಗೂ ಮರಳಿಗೂ ಒಂದೇ ತೂಕ ಎಂದು ಮುಳ್ಳಿನ ಹತ್ತಿರ ಕಣ್ಣಿಟ್ಟು ನೋಡಿದಳು. ಹಂಡೆಯಿಂದ ಡಬ್ಬಗಳು ಹೊರಗೆ ಬಂದ ಮೇಲೆ ಜಗಲಿಯ ಮೇಲೆ ಕಾಲು ಚಾಚಿ, ಎರಡರ ನಡುವೆ ಕೂತಳು. ಥರ್ಮಾಮೀಟರಿನ ಕಡೆ ಅವಳು ನೋಡಲೇ ಇಲ್ಲ. ಆಗಾಗ ಎರಡೂ ಅಂಗೈಯನ್ನು ಎರಡು ಡಬ್ಬಕ್ಕೆ ಒತ್ತಿ ಕಣ್ಣು ಮುಚ್ಚುತ್ತಿದ್ದಳು. ಟೀ ಕುಡಿಯಲು ಬಂದವರು ಇದೇನು ಪೂಜೆಯೋ ಎಂದು ಇಣುಕಿ ಹೋದರು. ಬಹಳ ಹೊತ್ತಿನ ಮೇಲೆ ಅವಳು ಎಡಗೈಯನ್ನು ಮರಳಿನ ಡಬ್ಬದಿಂದ ತೆಗೆದು ಮಡಿಲಲ್ಲಿಟ್ಟುಕೊಂಡಳು. ಬಲಗೈ ನೀರಿನ ಡಬ್ಬದ ಮೇಲೇ ಇತ್ತು.

"ನಿನ್ನ ಕಡ್ಡಿ ಎಂತ ಹೇಳುತ್ತೆ?"

"ಮರಳು ನಮ್ಮ ಮೈಯಷ್ಟೇ ಬಿಸಿ ಅಜ್ಜಿ. ನೀರು ಇನ್ನೂ ಅರವತ್ತರ ಮೇಲಿದೆ."

"ಹೂಂ. ಕೈಗೂ ಹಂಗೇ ಗೊತ್ತಾಗುತ್ತೆ," ಎಂದಳು. ಸೋತವಳ ದನಿಯಲ್ಲ. ಏನನ್ನೋ ಯೋಚಿಸುತ್ತಿದ್ದಳು. "ಬಿಸಿ ಇದ್ದು ಎಂತ ಬಂತು ಮಾರಾಯ್ತಿ, ಗಾಳಿ ಹೊತ್ಕೊಂಡು ಹೋಗುತ್ತಲ್ಲ. ಮೇಲೆ ಹೊದಿಸೋದು ಯಾವುದ್ರಲ್ಲಿ? ಅದನ್ನ ನೋಡಿದೀಯಾ?"

ನೋಡಿರಲಿಲ್ಲ. ಮೇಡಂ ಕೊಟ್ಟ ಪ್ರಶ್ನೆ ಒಂದು, ಅಜ್ಜಿ ಕೊಟ್ಟದ್ದು ಇನ್ನೊಂದು. ಮರುದಿನದಿಂದ ನಾವಿಬ್ಬರೂ ಬಿಸಿನೀರಿನ ಡಬ್ಬಗಳಿಗೆ ಬಟ್ಟೆ ತೊಡಿಸತೊಡಗಿದೆವು. ಒಂದಕ್ಕೆ ಅಜ್ಜಿಯ ಹಳೇ ಸೀರೆ, ಒಂದಕ್ಕೆ ಕಂಬಳಿ ತುಂಡು, ಒಂದಕ್ಕೆ ಪೇಪರು, ಒಂದನ್ನು ಒಲೆಯ ಬೂದಿಯಲ್ಲಿ ಹುಗಿದೆವು. ಒಲೆ ಹೊತ್ತಿಸಲೆಂದು ಅಪ್ಪ ಪೇಟೆಯ, ಕಾಫಿಬೀಜದ ಸಿಪ್ಪೆ ಬಿಡಿಸುವ ಕ್ಯೂರಿಂಗ್ ವರ್ಕ್ಸ್‌ನಿಂದ ತರುತ್ತಿದ್ದ ಕಾಫಿ ಹೊಟ್ಟು ಮೂಟೆಯಲ್ಲಿತ್ತು. ಪಾರ್ಚ್‌ಮೆಂಟ್ ಕಾಫಿಯ, ಅಂದರೆ ತಿರುಳು ತೆಗೆದು ಒಣಗಿಸಿದ ಬೀಜದ ಮೇಲಿನ ಆ ತೆಳುಸಿಪ್ಪೆ ಎಷ್ಟು ಹಗುರವೆಂದರೆ ಉಸಿರು ಬಿಟ್ಟರೆ ಹಾರುತ್ತದೆ. ಅದನ್ನೂ ಚೀಲಕ್ಕೆ ತುಂಬಿ ಒಂದು ಡಬ್ಬಕ್ಕೆ ಸುತ್ತಿದೆವು. ಹೊಟ್ಟು ಮತ್ತು ಕಂಬಳಿ ಎಲ್ಲಕ್ಕಿಂತ ಮುಂದೆ ನಿಂತವು. ಒಂದು ದಿನ ಜಗಲಿಯಲ್ಲಿ ಎರಚಲು ಬಡಿದು ಕಂಬಳಿ ನೆನೆದಿತ್ತು. ಅದನ್ನು ಸುತ್ತಿದ ಡಬ್ಬ, ಏನೂ ಹೊದಿಸದ ಬರೀ ಡಬ್ಬಕ್ಕಿಂತಲೂ ಬೇಗ ತಣಿಯಿತು. ನನಗೆ ನಂಬಿಕೆ ಬರಲಿಲ್ಲ. ಬೇಕೆಂದೇ ಇನ್ನೊಂದು ತುಂಡು ನೆನೆಸಿ ನೋಡಿದೆ. ಅದೂ ಹಾಗೇ.

ಆಮೇಲೆ ಮಗುವನ್ನು ಮಲಗಿಸಲು ಪೆಟ್ಟಿಗೆ ತಯಾರಾಯಿತು. ಟೊಮೆಟೊ ಬರುತ್ತಿದ್ದ ಮರದ ಪೆಟ್ಟಿಗೆಯ ತಳಕ್ಕೂ ನಾಲ್ಕು ಬದಿಗೂ ಹೊಟ್ಟು ತುಂಬಿದ ಚಪ್ಪಟೆ ಚೀಲಗಳನ್ನು ಅಮ್ಮ ಹೊಲಿದು ಕೂರಿಸಿದಳು. ಹಣ್ಣಿನ ರಸದ ಗಾಜಿನ ಬಾಟಲಿಗಳಿಗೆ ಬಿಸಿನೀರು ತುಂಬಿ, ಬಿರಟೆ ಬಿಗಿದು, ಟವೆಲ್ ಸುತ್ತಿ, ಮಗುವಿಗೆ ತಾಗದ ಹಾಗೆ ಚೀಲದ ಹಿಂದೆ ಇಟ್ಟೆವು. ಒಂದೊಂದೇ ಬಾಟಲಿಯನ್ನು ಸರದಿಯಲ್ಲಿ ಬದಲಿಸುತ್ತಿದ್ದುದರಿಂದ ಒಳಗಿನ ಬಿಸಿ ಹೆಚ್ಚು ಏರುತ್ತಲೂ ಇರಲಿಲ್ಲ, ಇಳಿಯುತ್ತಲೂ ಇರಲಿಲ್ಲ. ಥರ್ಮಾಮೀಟರ್ ಮಗುವಿನ ಕಾಲ ಬಳಿ ಮಲಗಿರುತ್ತಿತ್ತು. ಅದರಲ್ಲಿ ಎಲ್ಲಿಂದ ಎಲ್ಲಿಯವರೆಗೆ ಇರಬೇಕು ಎಂದು ನಾನು ಕೆಂಪು ದಾರ ಕಟ್ಟಿ ಗುರುತು ಮಾಡಿದ್ದೆ. ಅಜ್ಜಿ ಅದನ್ನು ನೋಡುತ್ತಲೂ ಇದ್ದಳು, ಆಮೇಲೆ ಮಗುವಿನ ಪಾದವನ್ನು ಮುಷ್ಟಿಯಲ್ಲಿ ಹಿಡಿದು ತಾನೇ ಬೇರೆ ತೀರ್ಪು ಕೊಡುತ್ತಲೂ ಇದ್ದಳು. ಎರಡೂ ಒಂದೇ ಆದಾಗ ತಲೆಯಾಡಿಸುತ್ತಿದ್ದಳು. ಅಮ್ಮ ಮತ್ತು ಅಜ್ಜಿ ಮಾತಾಡತೊಡಗಿದ್ದು ಈ ಬಾಟಲಿಗಳಿಂದಲೇ. 'ಈ ಕಡೇದು ತಣ್ಣಗಾಯ್ತು ನೋಡು', 'ಹಂಡೆಗೆ ನೀರು ಹಾಕಿದ್ಯಾ', ಅಷ್ಟೇ ಮಾತು. ಆದರೆ ಅದು ಸಾಕಾಗಿತ್ತು. ಮಗು ಹಾಲು ಕುಡಿದು ನಿದ್ದೆ ಮಾಡುತ್ತಿತ್ತು. ಅಕ್ಕನ ಮುಖದಲ್ಲಿ ಬಣ್ಣ ಬಂದಿತ್ತು. ಭಾವ ಬಂದು ಪೆಟ್ಟಿಗೆ ನೋಡಿ, ಹೀಟರಿನ ಕಡೆಯೂ ನೋಡಿ, ನಗುತ್ತಾ ಹೋದರು.

ಪ್ರದರ್ಶನದ ದಿನ ಬೆಳಿಗ್ಗೆ ನಾನು ಎದ್ದು, ಡಬ್ಬಗಳನ್ನು ಚೀಲಕ್ಕೆ ತುಂಬಿ, ಯೂನಿಫಾರಂ ಹಾಕಿ, ರಿಬ್ಬನ್ ಕಟ್ಟಿ ಬಸ್ಸಿಗೆ ಕಾಯುತ್ತಿದ್ದೆ. ಹಿಂದಿನ ಸಂಜೆಯಿಂದ ಗಾಳಿ ಹುಚ್ಚು ಹಿಡಿದಂತೆ ಬೀಸಿತ್ತು. ಬಸ್ಸು ಬರಲಿಲ್ಲ. ಬಂದದ್ದು ಜೀಪು ಓಡಿಸುವ ಖಾದರಣ್ಣ, ಅದೂ ನಡೆದುಕೊಂಡು, ತಲೆಗೆ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು. ಕೆಳಗಿನ ತಿರುವಿನಲ್ಲಿ ದೊಡ್ಡ ಮರ ಬಿದ್ದಿದೆ, ಜೀಪು ಅದರಾಚೆ ನಿಂತಿದೆ, ಒಂದು ಟೀ ಕೊಡಿ ಎಂದು ಬೆಂಚಿನ ಮೇಲೆ ಕೂತರು. ನನಗೆ ಅಳು ಬಂತು. ಮರ ದಾಟಿ ಅವರ ಜೀಪಿನಲ್ಲೇ ಹೋಗಿಬಿಡಲೇ ಎಂದು ಅಪ್ಪನನ್ನು ಕೇಳಬೇಕು ಅನ್ನುವಷ್ಟರಲ್ಲಿ ಒಳಗಿನಿಂದ ಅಕ್ಕ ಕೂಗಿದಳು. ಯಾವತ್ತೂ ದನಿ ಏರಿಸದ ಅಕ್ಕ.

ಮಗು ಹಾಲು ಬಿಟ್ಟಿತ್ತು. ಬಾಯಿಗೆ ಇಟ್ಟರೂ ಚೀಪುತ್ತಿರಲಿಲ್ಲ. ಪೆಟ್ಟಿಗೆಯ ಒಳಗೆ ಕೆಂಪು ಗೆರೆ ಇರಬೇಕಾದಲ್ಲೇ ಇತ್ತು, ಆದರೂ ಪಾದ ತಣ್ಣಗಿತ್ತು. ಅಜ್ಜಿ ಅದನ್ನು ಮುಷ್ಟಿಯಲ್ಲಿ ಹಿಡಿದು, "ಇದು ಹೊರಗಿನ ಚಳಿ ಅಲ್ಲ," ಎಂದಳು. "ಒಳಗೇ ಎಂತದೋ ಆಗಿದೆ. ಹೊರಡಿ."

ಅಪ್ಪ ಫೋನ್ ಎತ್ತಿದ. ಸದ್ದಿರಲಿಲ್ಲ. ಖಾದರಣ್ಣ ಅರ್ಧ ಕುಡಿದ ಟೀ ಬಿಟ್ಟು ಎದ್ದರು. ಹೊರಗೆ ಸಣ್ಣಗೆ ಸೋನೆ, ದಟ್ಟ ಮಂಜು. ಮರದವರೆಗೆ ನಡೆದೇ ಹೋಗಬೇಕು, ಅದನ್ನು ಹತ್ತಿ ದಾಟಬೇಕು.

"ಪೆಟ್ಟಿಗೇಲೇ ಇಟ್ಕೊಂಡು ಹೋಗಣ," ಎಂದೆ ನಾನು. ಬಾಟಲಿಗಳಿಗೆ ಹೊಸ ಬಿಸಿನೀರು ತುಂಬಲು ಓಡಿದ್ದೆ ಕೂಡ.

"ಮರ ಹತ್ತುವಾಗ ಬಾಟ್ಲಿ ಒಡೆದ್ರೆ?" ಅಪ್ಪ ಕೇಳಿದ.

ಅಕ್ಕ ಹಾಸಿಗೆಯಿಂದ ಎದ್ದು ನಿಂತಿದ್ದಳು. "ನಾನೇ ಎತ್ಕೊಂಡು ನಡೀತೀನಿ. ನನ್ನ ಮೈಗೇ ಕಟ್ಟಿ," ಎಂದಳು.

"ಹಸಿ ಬಾಣಂತಿ, ಈ ಗಾಳೀಲಿ?" ಅಮ್ಮ ಬಾಯಿ ಮೇಲೆ ಕೈಯಿಟ್ಟುಕೊಂಡಳು.

ಕೈಯಲ್ಲಿ ಬಾಟಲಿ ಹಿಡಿದು ನಾನು ಅಲ್ಲೇ ನಿಂತೆ. ಯಾವ ಡಬ್ಬ ತಂದಿಟ್ಟರೂ ಅದು ಹಂಡೆಯಿಂದ ಹೊರಬಂದ ಗಳಿಗೆಯಿಂದ ಇಳಿಯುತ್ತಲೇ ಇರುತ್ತದೆ. ನೀರು ನಿಧಾನ ಇಳಿಯುತ್ತದೆ, ಅಷ್ಟೇ. ಇಳಿಯದ ವಸ್ತು ಆ ಕೋಣೆಯಲ್ಲಿ ಒಂದೇ ಇತ್ತು. "ಅಕ್ಕನೇ ಸರಿ," ಎಂದೆ. "ಬಾಟ್ಲಿ ತಣ್ಣಗಾಗುತ್ತೆ. ಅಕ್ಕ ಆಗಲ್ಲ."

ಅಕ್ಕ ರವಿಕೆ ಬಿಚ್ಚಿ ಮಗುವನ್ನು ಬರಿಯೆದೆಗೆ ಒರಗಿಸಿಕೊಂಡಳು. ಅಜ್ಜಿ ತನ್ನ ಮೆತ್ತನೆಯ ಹಳೇ ಸೀರೆಯಲ್ಲಿ ಇಬ್ಬರನ್ನೂ ಸೇರಿಸಿ ಸುತ್ತಿ ಬಿಗಿದಳು. ಮಗುವಿನ ಮೂಗು, ಬಾಯಿ ಹೊರಗಿದೆಯೇ ಎಂದು ಅಮ್ಮ ಮತ್ತೆ ಮತ್ತೆ ನೋಡಿದಳು. ನಾನು ಪೆಟ್ಟಿಗೆಯಿಂದ ಹೊಟ್ಟಿನ ಚೀಲಗಳನ್ನು ಕಿತ್ತು ತಂದು ಆ ಸೀರೆಯ ಮೇಲೆ, ಮಗುವಿನ ಬೆನ್ನಿಗೆ ಅಡ್ಡವಾಗಿ ಕಟ್ಟಿದೆ. ಅಪ್ಪ ಜಗಲಿಯ ಹಗ್ಗದ ಮೇಲಿದ್ದ ದೊಡ್ಡ ಕಂಬಳಿಯನ್ನು ಎಳೆದುಕೊಂಡು ಬಂದ. ಅದರ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ಅದು ಬೇಡ ಅಪ್ಪ! ಒದ್ದೆ ಕಂಬಳಿ ಬೇಡ! ಏನೂ ಹೊದಿಸದೆ ಇರೋದಕ್ಕಿಂತ ಕೆಟ್ಟದ್ದು ಅದು!"

ನಾನು ಕಿರುಚಿದ್ದೆ. ಅಪ್ಪನೊಡನೆ ಹಾಗೆ ಮಾತಾಡುವ ಮನೆಯಲ್ಲ ನಮ್ಮದು. ಅವನು ಒಂದು ಕ್ಷಣ ನನ್ನ ಮುಖ ನೋಡಿದ. ಏಕೆ, ಏನು ಎಂದು ಕೇಳಲಿಲ್ಲ. ಕಂಬಳಿಯನ್ನು ಅಲ್ಲೇ ನೆಲಕ್ಕೆ ಬಿಟ್ಟು, ಒಳಗೆ ಹೋಗಿ ತನ್ನ ಒಣಗಿದ ಶಾಲು ತಂದು ಅಕ್ಕನ ಹೆಗಲಿಗೆ ಹೊದಿಸಿದ. ಖಾದರಣ್ಣ ತಮ್ಮ ಪ್ಲಾಸ್ಟಿಕ್ ಕೊಪ್ಪೆ ತೆಗೆದು ಎಲ್ಲದರ ಮೇಲೆ ಹಾಕಿದರು. ಹತ್ತನೇ ತರಗತಿಯ ಹುಡುಗಿಯ ಒಂದು ಮಾತಿಗೆ ಒಬ್ಬ ಅಪ್ಪ ಕೈಯಲ್ಲಿದ್ದದ್ದನ್ನು ಕೆಳಗೆ ಬಿಟ್ಟ. ಅದು ಎಷ್ಟು ದೊಡ್ಡದೆಂದು ಆಗ ತಿಳಿಯಲಿಲ್ಲ. ಈಗ ತಿಳಿಯುತ್ತದೆ.

ಮರದ ಹತ್ತಿರ ಅಪ್ಪ ಮತ್ತು ಖಾದರಣ್ಣ ಒಬ್ಬರು ಈಚೆ, ಒಬ್ಬರು ಆಚೆ ನಿಂತು ಅಕ್ಕನನ್ನು ದಾಟಿಸಿದರು. ಮರಳು ಹುರಿದು ಬೆನ್ನು ಬಿದ್ದುಹೋಗಿದ್ದ ಅಜ್ಜಿ ಕೊಂಬೆ ಹಿಡಿದು 'ಬಿಡ್ರೋ ನನ್ನ' ಎನ್ನುತ್ತಾ ತಾನೇ ದಾಟಿದಳು. ಜೀಪಿನಲ್ಲಿ ಇಡೀ ದಾರಿ ಅವಳ ಒಂದು ಕೈ ಕೊಪ್ಪೆಯೊಳಗೆ, ಮಗುವಿನ ಪಾದದ ಮೇಲಿತ್ತು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಥರ್ಮಾಮೀಟರ್ ಮನೆಯಲ್ಲೇ ಉಳಿದಿತ್ತು. ಊರು ಕಾಣಿಸುವ ಹೊತ್ತಿಗೆ ಅವಳು, "ಸ್ವಲ್ಪ ಬೆಚ್ಚಗಾಗಿದೆ," ಎಂದಳು.

ಆಸ್ಪತ್ರೆಯಲ್ಲಿ ಡಾಕ್ಟರು ಸೀರೆಯ ಗಂಟು ಬಿಚ್ಚಿಸಿ ಮಗುವಿನ ಹೊಟ್ಟೆ, ಕಾಲು ಮುಟ್ಟಿ ನೋಡಿದರು. ಸೋಂಕು ತಗುಲಿದೆ, ಔಷಧಿ ಶುರು ಮಾಡೋಣ ಎಂದರು. "ಮೈ ಬೆಚ್ಚಗಿಟ್ಟು ತಂದಿದೀರಿ, ಅದು ಒಳ್ಳೇದಾಯ್ತು. ತೀರಾ ತಣ್ಣಗಾಗಿ ಬಂದಿದ್ರೆ ಕಷ್ಟ ಇತ್ತು." ಕೆಲವು ದಿನ ಏನೂ ಹೇಳಲಾಗದ ಹಾಗಿತ್ತು. ಆಮೇಲೆ ಒಂದು ಬೆಳಿಗ್ಗೆ ಮಗು ಹಸಿದು ಅತ್ತಿತು. ಇಂದು ಅವಳಿಗೇ ಮಗಳಿದ್ದಾಳೆ. ಅಂದಿನ ಆ ಕೂಸು ಈಗ ಬಳ್ಳಿಯ ಹಾಗೆ ಎತ್ತರ, ಯಾವ ಚಳಿಗೂ ಸ್ವೆಟರ್ ಹಾಕದವಳು.

ಮಗುವನ್ನು ಸೇರಿಸಿದ ದಿನವೇ, ಸಂಜೆಗೆ ಮುಂಚೆ, ನಿರ್ಮಲಾ ಮೇಡಂ ಆಸ್ಪತ್ರೆಗೆ ಬಂದರು. ಖಾದರಣ್ಣ ಶಾಲೆಗೆ ಹೋಗಿ ಹೇಳಿದ್ದರಂತೆ. ನಾನು ಯೂನಿಫಾರಮ್ಮಿನಲ್ಲೇ, ಕೆಸರು ಕಾಲಲ್ಲೇ ವರಾಂಡದ ಬೆಂಚಿನ ಮೇಲೆ ಕೂತಿದ್ದೆ. ಪ್ರದರ್ಶನದಲ್ಲಿ ನನ್ನ ಟೇಬಲ್ ಖಾಲಿ ಇತ್ತು ಎಂದು ಅವರು ಹೇಳಲಿಲ್ಲ. ನಾನೇ ಹೇಳಿ ಅತ್ತೆ. ಅಳು ನಿಲ್ಲುವವರೆಗೆ ಪಕ್ಕದಲ್ಲಿ ಕೂತರು. ಆಮೇಲೆ ಏನೇನು ನೋಡಿದೆ ಹೇಳು ಎಂದರು. ಕಬ್ಬಿಣ ಸೋತದ್ದು, ಅಜ್ಜಿಯ ಮರಳು, ಹೊಟ್ಟು, ಕಂಬಳಿ ಎಲ್ಲ ಹೇಳಿದೆ.

"ಒದ್ದೆ ಕಂಬಳಿ ಬರೀ ಡಬ್ಬಕ್ಕಿಂತ ಬೇಗ ತಣ್ಣಗಾಯ್ತು ಅಂದ್ಯಲ್ಲ. ಯಾಕಿರಬಹುದು?"

ಒಳಗೆ ಮಗುವಿಗೆ ಔಷಧಿ ಏರುತ್ತಿತ್ತು, ಹೊರಗೆ ನಾವಿಬ್ಬರೂ ನೀರು ಆವಿಯಾಗುವುದರ ಬಗ್ಗೆ ಮಾತಾಡುತ್ತಿದ್ದೆವು. ಯಾರೂ ನನ್ನನ್ನು ಅಷ್ಟು ದೊಡ್ಡವಳ ಹಾಗೆ ನಡೆಸಿಕೊಂಡಿರಲಿಲ್ಲ. 'ಪಾಪ' ಎಂದಿದ್ದರೆ ಆ ದಿನ ನನಗೆ ಮರೆತುಹೋಗುತ್ತಿತ್ತೇನೋ. 'ಯಾಕೆ' ಎಂದರು.

ಮಗುವಿಗೆ ಗುಣವಾದ ಮೇಲೆ ಅಕ್ಕನನ್ನು ಆಲ್ದೂರಿಗೇ ಕರೆದೊಯ್ಯುವುದೆಂದಾಯಿತು. ಈ ಸಲ ಅಜ್ಜಿ ತಡೆಯಲಿಲ್ಲ. ಅಕ್ಕನ ಅತ್ತೆ ಜೀಪು ಮಾಡಿಕೊಂಡು ಸಾಮಾನು ಒಯ್ಯಲು ನಮ್ಮ ಮನೆಗೆ ಬಂದರು. ಒಳ್ಳೆಯ ಹೆಂಗಸು. ಕಾಫಿ ಕುಡಿಯುತ್ತಾ, ನೀವೇನೂ ಯೋಚನೆ ಮಾಡಬೇಡಿ, ನಮ್ಮಲ್ಲಿ ಮರಳಿನ ಗಂಟು ಕಾಯಿಸಿ ಕಾಯಿಸಿ ಬೆಚ್ಚಗೆ ಇಡುತ್ತೇವೆ ಎಂದರು.

"ಮರಳು ಬೇಡ," ಎಂದಳು ಅಜ್ಜಿ. "ಬಾಟ್ಲೀಲಿ ಬಿಸಿನೀರು ತುಂಬಿ, ಒಣಬಟ್ಟೆ ಸುತ್ತಿ ಇಡಿ. ಹೊದಿಸೋದು ಯಾವುದೇ ಇರ್ಲಿ, ಒದ್ದೆ ಆಗ್ಬಾರದು. ಹೊರಗೆ ಹೊರಟ್ರೆ ತಾಯಿ ಎದೆ ಮೇಲೇ ಇರ್ಲಿ."

"ಡಾಕ್ಟ್ರು ಹೇಳಿದ್ರಾ?"

"ಡಾಕ್ಟ್ರು ಯಾಕೆ ಹೇಳ್ಬೇಕು? ನಾವೇ ಅಳೆದು ನೋಡಿದೀವಿ. ನಾನೂ ಈ ಹುಡುಗೀನೂ."

ಹಾಗೆಂದು ಅವಳು ನನ್ನ ಕಡೆ ಕೈ ತೋರಿಸಲೂ ಇಲ್ಲ, ತಿರುಗಿ ನೋಡಲೂ ಇಲ್ಲ. ಜೀಪು ತಿರುವಿನಲ್ಲಿ ಮರೆಯಾಗುವವರೆಗೆ ರಸ್ತೆಯಲ್ಲಿ ನಿಂತಿದ್ದು, ಒಳಗೆ ಬರುವಾಗ ಮೆಲ್ಲಗೆ ನನ್ನ ಹತ್ತಿರ ಬಂದಳು.

"ಅವತ್ತು ನೀನು ಡಬ್ಬಕ್ಕೆ ತುಂಬಿದ ಉಪ್ಪಿಗೆ ಶೀತ ಹಿಡಿದಿತ್ತು ಕಣೆ. ಹುರಿದೇ ಇರ್ಲಿಲ್ಲ ನೀನು. ಹುರಿದು ಇನ್ನೊಂದ್ಸಲ ನೋಡಣ."